ಆಸ್ಪತ್ರೆ ಗೋಡೆಯ ಮೇಲಿನ ಹಕ್ಕುಪಟ್ಟಿ ಅಲ್ಲಿಗೆ ಬಂದದ್ದು ಹೇಗೆ? ವೈದ್ಯರು, ಆರೋಗ್ಯ ಕಾರ್ಯಕರ್ತೆಯರು ಸಂಘಟಿತರಾದಾಗ: ಪುಣೆಯ ಅನುಭವ

ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎಷ್ಟೋ ಕುಟುಂಬಗಳು ದೊಡ್ಡ ಕಾಯಿಲೆ ಬಂದಾಗ ಸೊಲ್ಲಾಪುರ, ಮಿರಜ್ ಅಥವಾ ಪುಣೆಯ ದಾರಿ ಹಿಡಿಯುತ್ತವೆ. ಕೆಲಸಕ್ಕೆಂದು ಪುಣೆಯಲ್ಲೇ ನೆಲೆಸಿದ ಕನ್ನಡಿಗರೂ ಸಾಕಷ್ಟಿದ್ದಾರೆ. ನೀವು ಅಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಕೂತಿದ್ದರೆ, ನೋಂದಣಿ ಕೌಂಟರಿನ ಹತ್ತಿರದ ಗೋಡೆಯನ್ನು ಒಮ್ಮೆ ನೋಡಿ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಒಂದು ಫಲಕ ಅಲ್ಲಿ ಇರಬೇಕು: ರೋಗಿಗಳ ಹಕ್ಕುಗಳ ಪಟ್ಟಿ. ಅದರ ಪಕ್ಕದಲ್ಲಿ ಕೆಲವು ಮುಖ್ಯ ಸೇವೆಗಳ ದರ ಇರಬೇಕು. "ಇರಬೇಕು" ಎಂದು ಬರೆಯಲು ಕಾರಣವಿದೆ. 2021ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ತಿದ್ದುಪಡಿ ಮಾಡಿದ ನರ್ಸಿಂಗ್ ಹೋಂ ನೋಂದಣಿ ನಿಯಮಗಳು ಇದನ್ನು ಕಡ್ಡಾಯ ಮಾಡಿವೆ. ಆದರೆ ಎಲ್ಲ ಕಡೆ ಅದು ಕಣ್ಣಿಗೆ ಬೀಳುವಂತೆ ಇರುತ್ತದೆ ಎಂದು ಹೇಳಲಾಗದು.

ಈ ಫಲಕ ಸರ್ಕಾರಕ್ಕೆ ತಾನಾಗಿ ಹೊಳೆದದ್ದಲ್ಲ. ಹಿಂದೆ ಹಲವು ವರ್ಷಗಳ ಒತ್ತಾಯವಿದೆ. ಒತ್ತಾಯಿಸಿದವರಲ್ಲಿ ರೋಗಿಗಳು, ಮಹಿಳಾ ಸಂಘಟನೆಗಳು ಇದ್ದಂತೆ ವೈದ್ಯರೂ ಇದ್ದರು ಎಂಬುದು ಬಹಳ ಜನಕ್ಕೆ ತಿಳಿಯದ ಸಂಗತಿ. ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಒಟ್ಟಾಗಿ ಆರೋಗ್ಯ ವ್ಯವಸ್ಥೆಯ ಸುಧಾರಣೆ ಕೇಳುವುದು ಎಂದರೇನು, ಅದರಿಂದ ರೋಗಿಗೆ ಸಿಕ್ಕಿದ್ದೇನು, ಅದನ್ನು ಬಳಸುವುದು ಹೇಗೆ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಎಲ್ಲ ಸಂಘಟನೆಯೂ ಒಂದೇ ಅಲ್ಲ

"ಡಾಕ್ಟರುಗಳು ಒಂದಾಗಿದ್ದಾರೆ" ಎಂದು ಕೇಳಿದರೆ ನಮಗೆ ಮೊದಲು ನೆನಪಾಗುವುದು ಮುಷ್ಕರ, ಮುಚ್ಚಿದ ಒಪಿಡಿ. ಅದು ಪೂರ್ತಿ ಚಿತ್ರವಲ್ಲ. ವೃತ್ತಿಯ ಹಿತ ಕಾಯುವ ಸಂಘಗಳಿವೆ. ಭಾರತೀಯ ವೈದ್ಯಕೀಯ ಸಂಘ, ಅಂದರೆ ಐಎಂಎ, ಇವುಗಳಲ್ಲಿ ದೊಡ್ಡದು. ಸಂಬಳ, ಕೆಲಸದ ಹೊತ್ತು, ಭದ್ರತೆಗಾಗಿ ಹೋರಾಡುವ ಕಾರ್ಮಿಕ ಸಂಘಗಳಿವೆ. ನರ್ಸ್‌ಗಳ, ಆಶಾ ಕಾರ್ಯಕರ್ತೆಯರ, ರೆಸಿಡೆಂಟ್ ವೈದ್ಯರ ಸಂಘಗಳು ಈ ಬಗೆಯವು. ಮೂರನೆಯದು ಚಿಕ್ಕದು, ಸದ್ದು ಕಡಿಮೆ: ತಮ್ಮ ವೃತ್ತಿಯ ತಪ್ಪನ್ನೂ ಸೇರಿಸಿ ಇಡೀ ವ್ಯವಸ್ಥೆ ಬದಲಾಗಬೇಕು ಎಂದು ಕೇಳುವ ಆರೋಗ್ಯ ಕಾರ್ಯಕರ್ತರ ಗುಂಪುಗಳು. ಪುಣೆ ಈ ಮೂರನೆಯ ಬಗೆಗೆ ಹೆಸರಾದ ಊರು.

ಆರಂಭ: 1974

1974ರಲ್ಲಿ ಕೆಲವು ಯುವ ವೈದ್ಯರು ಸೇರಿ 'ಮೆಡಿಕೋ ಫ್ರೆಂಡ್ ಸರ್ಕಲ್' ಎಂಬ ಗೆಳೆಯರ ಬಳಗ ಕಟ್ಟಿದರು. ಜಯಪ್ರಕಾಶ್ ನಾರಾಯಣ್ ಅವರ ಚಳವಳಿಯ ಗಾಳಿ ಬೀಸುತ್ತಿದ್ದ ಕಾಲ ಅದು. ವೈದ್ಯಕೀಯ ಕಾಲೇಜಿನಲ್ಲಿ ಕಲಿತದ್ದು ನಗರದ ಆಸ್ಪತ್ರೆಗೆ ಸರಿ, ಹಳ್ಳಿಯ ಬಡ ರೋಗಿಗೆ ಅದರಿಂದ ಏನು ಉಪಯೋಗ ಎಂಬುದು ಅವರ ಪ್ರಶ್ನೆಯಾಗಿತ್ತು. 1976ರ ಜನವರಿಯಿಂದ ಒಂದು ಸಣ್ಣ ಬುಲೆಟಿನ್ ತರತೊಡಗಿದರು. ಬಳಗದ ಸದಸ್ಯರು ವರ್ಷಕ್ಕೊಮ್ಮೆ ಸೇರುವುದು, ಒಂದು ವಿಷಯ ಹಿಡಿದು ವಾದ ಮಾಡುವುದು ವಾಡಿಕೆಯಾಯಿತು. ಪುಣೆಯ ಡಾ. ಅನಂತ್ ಫಡ್ಕೆ ಈ ಬಳಗದ ಹಳಬರಲ್ಲೊಬ್ಬರು. ನಮ್ಮ ಬೆಂಗಳೂರಿನ ಡಾ. ರವಿ ನಾರಾಯಣ್ ಮತ್ತು ಡಾ. ಥೆಲ್ಮಾ ನಾರಾಯಣ್ ಕೂಡ ಇದರಲ್ಲಿದ್ದವರು. 1984ರಲ್ಲಿ ಬೆಂಗಳೂರಿನಲ್ಲಿ ಕಮ್ಯುನಿಟಿ ಹೆಲ್ತ್ ಸೆಲ್ ಆರಂಭಿಸಿದವರು ಇವರೇ.

ಚರ್ಚೆಯಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತ ನಡೆಯಿತು. ಮೂರು ತಿಂಗಳ ನಂತರ, 1985ರ ಮಾರ್ಚ್‌ನಲ್ಲಿ, ಬಳಗದ ಸದಸ್ಯರು ಅಲ್ಲಿಗೆ ಹೋಗಿ ಅನಿಲ ಸೇವಿಸಿದವರ ಆರೋಗ್ಯವನ್ನು ಸ್ವತಃ ಸಮೀಕ್ಷೆ ಮಾಡಿದರು. ವೈದ್ಯರು ತಮ್ಮ ಪರಿಣತಿಯನ್ನು ರೋಗಿಯ ಪರವಾದ ಸಾಕ್ಷ್ಯವಾಗಿ ಬಳಸುವ ಕ್ರಮ ಹೀಗೆ ಬೆಳೆಯಿತು.

ಔಷಧಿಗಳ ಬೆಲೆಯ ವಿಷಯದಲ್ಲೂ ಇದೇ ಕ್ರಮ ಕೆಲಸ ಮಾಡಿತು. ಅಖಿಲ ಭಾರತ ಡ್ರಗ್ ಆಕ್ಷನ್ ನೆಟ್‌ವರ್ಕ್ ಮತ್ತು ಅದರ ಜೊತೆಗಾರ ಸಂಸ್ಥೆಗಳು 2003ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದವು. ಅಗತ್ಯ ಔಷಧಿಗಳನ್ನು ಬೆಲೆ ನಿಯಂತ್ರಣದಿಂದ ಹೊರಗಿಡಬಾರದು ಎಂಬುದು ಅವುಗಳ ಬೇಡಿಕೆ. ಹತ್ತು ವರ್ಷ ಎಳೆದ ನಂತರ 2013ರ ಔಷಧ ಬೆಲೆ ನಿಯಂತ್ರಣ ಆದೇಶ ಬಂತು. ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದ್ದ 348 ಔಷಧಿಗಳು ಬೆಲೆ ಮಿತಿಯೊಳಗೆ ಬಂದವು. ನೀವು ಇಂದು ಕೊಳ್ಳುವ ಬಿಪಿ, ಸಕ್ಕರೆ ಕಾಯಿಲೆಯ ಎಷ್ಟೋ ಸಾಮಾನ್ಯ ಮಾತ್ರೆಗಳಿಗೆ ಗರಿಷ್ಠ ಬೆಲೆ ನಿಗದಿಯಾಗಿರುವುದು ಈ ಆದೇಶದಡಿಯಲ್ಲಿ. ಆ ಆದೇಶ ಬೆಲೆ ಲೆಕ್ಕ ಹಾಕುವ ವಿಧಾನ ಸರಿಯಿಲ್ಲ ಎಂದು ಅದೇ ಗುಂಪುಗಳು ಆಮೇಲೂ ತಕರಾರು ತೆಗೆದವು.

ಹಳ್ಳಿಯವರು ಕೇಳಿದರು, ಅಧಿಕಾರಿ ಉತ್ತರಿಸಬೇಕಾಯಿತು

2000ನೇ ಇಸವಿಯ ಕೊನೆಗೆ ಕೋಲ್ಕತ್ತದಲ್ಲಿ ದೇಶದ ಆರೋಗ್ಯ ಸಂಘಟನೆಗಳ ದೊಡ್ಡ ಸಮಾವೇಶ ನಡೆಯಿತು. ಅಲ್ಲಿಂದ ಹುಟ್ಟಿದ್ದು ಜನ ಸ್ವಾಸ್ಥ್ಯ ಅಭಿಯಾನ. ಮಹಾರಾಷ್ಟ್ರದಲ್ಲಿ ಅದರ ಹೆಸರು ಜನ ಆರೋಗ್ಯ ಅಭಿಯಾನ. ಕರ್ನಾಟಕದಲ್ಲಿ ಜನಾರೋಗ್ಯ ಆಂದೋಲನ ಕರ್ನಾಟಕ. ಪುಣೆಯಲ್ಲಿ ಈ ಕೆಲಸಕ್ಕೆ ಬೆನ್ನೆಲುಬಾಗಿ ನಿಂತದ್ದು 'ಸಾಥಿ' ಎಂಬ ಸಂಸ್ಥೆ. ಸಮುದಾಯ ವೈದ್ಯಶಾಸ್ತ್ರ ಓದಿದ ಡಾ. ಅಭಯ್ ಶುಕ್ಲಾ ಇಲ್ಲಿ ಹಲವು ವರ್ಷ ಕೆಲಸ ಮಾಡಿದವರು.

2007ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಒಂದು ಪ್ರಯೋಗ ಆರಂಭವಾಯಿತು: ಸರ್ಕಾರಿ ಆರೋಗ್ಯ ಕೇಂದ್ರಗಳನ್ನು ಅವುಗಳನ್ನು ಬಳಸುವ ಜನರೇ ಪರಿಶೀಲಿಸುವುದು. ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳು ಇದರಲ್ಲಿದ್ದವು. ಮಹಾರಾಷ್ಟ್ರದಲ್ಲಿ ಮೊದಲು ಆರಿಸಿದ ಐದು ಜಿಲ್ಲೆಗಳಲ್ಲಿ ಪುಣೆಯೂ ಒಂದು. ಸಾಥಿ ರಾಜ್ಯಮಟ್ಟದ ಹೊಣೆ ಹೊತ್ತಿತು.

ಕೆಲಸ ನಡೆಯುತ್ತಿದ್ದ ರೀತಿ ಸರಳ. ಊರಿನ ಸಮಿತಿ ಕೆಲವು ಪ್ರಶ್ನೆ ಹಿಡಿದು ಮನೆಮನೆ ಕೇಳುತ್ತದೆ. ನರ್ಸ್ ಊರಿಗೆ ಬರುತ್ತಾರೆಯೇ? ಲಸಿಕೆ ದಿನ ತಪ್ಪುತ್ತದೆಯೇ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಣ ಕೇಳಿದರೇ? ಔಷಧಿ ಹೊರಗಿನಿಂದ ತರಲು ಚೀಟಿ ಬರೆದರೇ? ಉತ್ತರಗಳಿಗೆ ಹಸಿರು, ಹಳದಿ, ಕೆಂಪು ಬಣ್ಣದ ಗುರುತು. ಓದು ಬಾರದವರಿಗೂ ತಮ್ಮ ಕೇಂದ್ರದ ಸ್ಥಿತಿ ಒಂದು ನೋಟಕ್ಕೆ ತಿಳಿಯುತ್ತದೆ. ಆ ಮೇಲೆ ಜನ ಅಹವಾಲು ಸಭೆ. ರೋಗಿಗಳು ತಮ್ಮ ಅನುಭವವನ್ನು ಎಲ್ಲರೆದುರು ಹೇಳುತ್ತಾರೆ, ತಾಲ್ಲೂಕು ಅಥವಾ ಜಿಲ್ಲೆಯ ಆರೋಗ್ಯ ಅಧಿಕಾರಿ ಅಲ್ಲೇ ಉತ್ತರ ಕೊಡಬೇಕು.

ಇಂಥ ಸಭೆ ಎಂದರೆ ಮೊದಲಿಗೆ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಭಯವೇ. ಎಲ್ಲ ಬೈಗುಳ ಕೊನೆಗೆ ತಳಮಟ್ಟದ ನರ್ಸ್ ಮೇಲೆ ಬೀಳುತ್ತದೆ ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಮಾತು ಬಿಡಿಸಿದಾಗ ತೊಂದರೆಯ ಬೇರು ಬಹಳ ಸಲ ಮೇಲಿರುತ್ತದೆ. ಔಷಧಿ ಹೊರಗೆ ಬರೆದದ್ದು ದಾಸ್ತಾನು ಬಾರದ್ದಕ್ಕೆ. ನರ್ಸ್ ಬಾರದ್ದು ಒಬ್ಬರೇ ಎರಡು ಉಪಕೇಂದ್ರ ನೋಡುತ್ತಿದ್ದುದಕ್ಕೆ. ಹೆರಿಗೆಗೆ ಬೇರೆ ಕಡೆ ಕಳಿಸಿದ್ದು ವೈದ್ಯರ ಹುದ್ದೆ ಖಾಲಿ ಇದ್ದುದಕ್ಕೆ. ರೋಗಿಯ ದೂರು ಮತ್ತು ಸಿಬ್ಬಂದಿಯ ಬೇಡಿಕೆ ಒಂದೇ ಕಾಗದದಲ್ಲಿ ಬರೆಯಬಹುದಾದವು ಎಂದು ಎರಡೂ ಕಡೆಯವರಿಗೆ ಕಾಣತೊಡಗುವುದು ಇಂಥಲ್ಲೇ. ಈ ಪ್ರಯೋಗದ ಅತಿ ಮುಖ್ಯ ಫಲ ಇದು ಎಂದು ನನ್ನ ಅಭಿಪ್ರಾಯ.

ಒಳಗಿನಿಂದ ಮಾತಾಡಿದ 78 ವೈದ್ಯರು

ಸರ್ಕಾರಿ ಕೇಂದ್ರವನ್ನು ಪ್ರಶ್ನಿಸಲು ಒಂದು ವೇದಿಕೆಯಾದರೂ ಸಿಕ್ಕಿತು. ಖಾಸಗಿ ಆಸ್ಪತ್ರೆಯ ಕತೆ ಬೇರೆ. ಅಲ್ಲಿ ನಡೆಯುವುದು ಒಳಗಿದ್ದವರಿಗೆ ಮಾತ್ರ ಗೊತ್ತು, ಅವರು ಮಾತಾಡುವುದಿಲ್ಲ.

ಡಾ. ಅರುಣ್ ಗದ್ರೆ ಸ್ತ್ರೀರೋಗ ತಜ್ಞರು. ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನಲ್ಲಿ ದೀರ್ಘಕಾಲ ವೃತ್ತಿ ಮಾಡಿ ಆಮೇಲೆ ಪುಣೆಗೆ ಬಂದು ಸಾಥಿಯ ಜೊತೆ ಸೇರಿದರು. ಅವರು ದೇಶದ ಬೇರೆ ಬೇರೆ ಕಡೆಯ 78 ವೈದ್ಯರನ್ನು ಮಾತಾಡಿಸಿದರು. ಆ ಸಂದರ್ಶನಗಳ ವರದಿ 2015ರಲ್ಲಿ ಬಂತು. 2016ರಲ್ಲಿ ಗದ್ರೆ ಮತ್ತು ಶುಕ್ಲಾ ಅದನ್ನು 'ಡಿಸೆಂಟಿಂಗ್ ಡಯಾಗ್ನಸಿಸ್' ಎಂಬ ಇಂಗ್ಲಿಷ್ ಪುಸ್ತಕವಾಗಿ ತಂದರು. ವೈದ್ಯರು ಹೇಳಿದ್ದು ರೋಗಿಗಳು ಮೊದಲೇ ಗುಮಾನಿ ಪಟ್ಟಿದ್ದ ವಿಷಯಗಳನ್ನೇ: ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್, ಬೇಡದ ಪರೀಕ್ಷೆಗಳು, ಅಗತ್ಯವಿಲ್ಲದ ಶಸ್ತ್ರಚಿಕಿತ್ಸೆ, ಕಾರ್ಪೊರೇಟ್ ಆಸ್ಪತ್ರೆಯಲ್ಲಿ ತಿಂಗಳಿಗೆ ಇಷ್ಟು ಎಂದು ಕೊಡುವ ಗುರಿ. ಹೊಸದೇನೆಂದರೆ, ಈ ಮಾತು ವೃತ್ತಿಯೊಳಗಿನಿಂದ ಬಂತು.

ಇಲ್ಲಿ ಒಂದು ಎಚ್ಚರದ ಮಾತು. ಈ ವರದಿ ಓದಿ ನಿಮ್ಮ ವೈದ್ಯರು ಬರೆದ ಪ್ರತಿ ಪರೀಕ್ಷೆಯೂ ಮೋಸ ಎಂದು ತಿಳಿಯಬೇಡಿ, ಅದರ ಮೇಲೆ ಚಿಕಿತ್ಸೆ ನಿಲ್ಲಿಸಬೇಡಿ. 78 ಸಂದರ್ಶನಗಳಿಂದ ಯಾವ ತಪ್ಪು ಎಷ್ಟು ವ್ಯಾಪಕ ಎಂದು ಲೆಕ್ಕ ಹೇಳಲು ಬರುವುದಿಲ್ಲ. ಅಂಥ ತಪ್ಪು ಹೇಗೆ ನಡೆಯುತ್ತದೆ ಎಂದು ತಿಳಿಯುತ್ತದೆ. ಅನುಮಾನವಿದ್ದರೆ "ಈ ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ಕೇಳಿ. ಎರಡನೇ ವೈದ್ಯರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು.

ಇದೇ ಕಾಲದಲ್ಲಿ 'ಅಲಯನ್ಸ್ ಆಫ್ ಡಾಕ್ಟರ್ಸ್ ಫಾರ್ ಎಥಿಕಲ್ ಹೆಲ್ತ್‌ಕೇರ್' ಎಂಬ ವೈದ್ಯರ ಜಾಲವೂ ರೂಪುಗೊಂಡಿತು. ಬೇರೆ ಬೇರೆ ರಾಜ್ಯಗಳ ವೈದ್ಯರು ಅದರಲ್ಲಿದ್ದಾರೆ. ಕಮಿಷನ್ ಪದ್ಧತಿ ನಿಲ್ಲಲಿ, ಖಾಸಗಿ ಆಸ್ಪತ್ರೆಗಳ ಮೇಲೆ ಪಾರದರ್ಶಕ ನಿಯಂತ್ರಣ ಬರಲಿ ಎಂಬುದು ಅವರ ಬೇಡಿಕೆ. ಹೃದಯದ ಸ್ಟೆಂಟ್ ವಿಷಯದಲ್ಲಿ ಇಂಥ ವೈದ್ಯರ ದನಿ ಕೇಳಿಸಿತು. ದೆಹಲಿಯ ವಕೀಲರೊಬ್ಬರು ಹೈಕೋರ್ಟ್‌ನಲ್ಲಿ ಹೂಡಿದ್ದ ದಾವೆಯ ನಂತರ, 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟ್‌ಗಳಿಗೆ ಮಿತಿ ಹಾಕಿತು. ಲಕ್ಷ ರೂಪಾಯಿ ದಾಟುತ್ತಿದ್ದ ಔಷಧಲೇಪಿತ ಸ್ಟೆಂಟ್‌ಗೆ ಆಗ ನಿಗದಿಯಾದ ಬೆಲೆ 29,600 ರೂಪಾಯಿ, ಲೇಪವಿಲ್ಲದ್ದಕ್ಕೆ 7,260. ಆ ಬೆಲೆಗಳು ಆಮೇಲೆ ಪರಿಷ್ಕರಣೆಯಾಗಿವೆ. ಆಂಜಿಯೋಪ್ಲಾಸ್ಟಿಯ ಬಿಲ್‌ನಲ್ಲಿ ಸ್ಟೆಂಟ್‌ನ ಹೆಸರು, ಬ್ಯಾಚ್ ಸಂಖ್ಯೆ, ಬೆಲೆ ಪ್ರತ್ಯೇಕವಾಗಿ ಇದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ.

ಹಕ್ಕುಪಟ್ಟಿಯಲ್ಲಿ ಏನಿದೆ?

2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೋಗಿಗಳ 17 ಹಕ್ಕುಗಳ ಸನ್ನದು ಸಿದ್ಧಪಡಿಸಿತು. ಅದನ್ನು ಅಳವಡಿಸಿಕೊಳ್ಳುವಂತೆ 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆಯಿತು. ಮಹಾರಾಷ್ಟ್ರದಲ್ಲಿ ಕೋವಿಡ್ ಕಾಲ ಈ ಬೇಡಿಕೆಗೆ ಬಿಸಿ ತಂದಿತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಶೇ 80 ಹಾಸಿಗೆಗಳಿಗೆ ದಿನದ ದರ ಗೊತ್ತು ಮಾಡಿತು: ಸಾಮಾನ್ಯ ವಾರ್ಡ್‌ಗೆ 4,000, ತೀವ್ರ ನಿಗಾ ಘಟಕಕ್ಕೆ 7,500, ವೆಂಟಿಲೇಟರ್ ಇದ್ದರೆ 9,000 ರೂಪಾಯಿ. ಆದರೂ ಲಕ್ಷಗಟ್ಟಲೆ ಬಿಲ್ ಹಿಡಿದವರು ಬಹಳ ಜನ. ಜನ ಆರೋಗ್ಯ ಅಭಿಯಾನ ಅಂಥವರ ಬಿಲ್‌ಗಳನ್ನು ಒಟ್ಟುಮಾಡಿ, ಗಂಡನನ್ನು ಕಳೆದುಕೊಂಡ ಮಹಿಳೆಯರ ಸಂಘಟನೆಗಳ ಜೊತೆ ಸೇರಿ ಲೆಕ್ಕಪರಿಶೋಧನೆಗೆ ಒತ್ತಾಯಿಸಿತು. 2021ರ ನಿಯಮ ತಿದ್ದುಪಡಿ ಬಂದದ್ದು ಈ ಹೊತ್ತಿನಲ್ಲೇ.

ನಿಮಗೆ ಹೆಚ್ಚು ಬೇಕಾಗುವ ಹಕ್ಕುಗಳು ಇವು. ಕಾಯಿಲೆ, ಚಿಕಿತ್ಸೆ, ಅಂದಾಜು ಖರ್ಚಿನ ಮಾಹಿತಿ. ವೈದ್ಯಕೀಯ ದಾಖಲೆಗಳ ಪ್ರತಿ. ವಿವರವಾದ ಬಿಲ್. ಔಷಧಿ ಮತ್ತು ಪರೀಕ್ಷೆಯನ್ನು ಎಲ್ಲಿಂದ ಬೇಕಾದರೂ ಪಡೆಯುವ ಆಯ್ಕೆ. ಮಹಿಳಾ ರೋಗಿಯನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆಯ ಹಾಜರಿ. ಬಿಲ್ ಬಾಕಿ ಇದೆ ಎಂದು ರೋಗಿಯನ್ನಾಗಲಿ ಮೃತದೇಹವನ್ನಾಗಲಿ ತಡೆದಿಡದಿರುವುದು.

ಎಲ್ಲಕ್ಕಿಂತ ಮೊದಲನೆಯದು ತುರ್ತು ಚಿಕಿತ್ಸೆ. ಇದಕ್ಕೆ ಹೊಸ ಫಲಕವೇ ಬೇಕಿಲ್ಲ. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ ಎಂದು ಹೇಳಿತ್ತು. ಹೀಗಿದ್ದೂ 2025ರ ಏಪ್ರಿಲ್‌ನಲ್ಲಿ ಪುಣೆಯ ದೊಡ್ಡ ಆಸ್ಪತ್ರೆಯೊಂದು ಗರ್ಭಿಣಿಯೊಬ್ಬರ ಕುಟುಂಬಕ್ಕೆ ಲಕ್ಷಾಂತರ ರೂಪಾಯಿ ಮುಂಗಡ ಕೇಳಿತು, ಆಕೆ ಬೇರೆಡೆ ಹೆರಿಗೆಯ ನಂತರ ತೀರಿಕೊಂಡರು ಎಂಬ ಆರೋಪ ಬಂದು ಊರೇ ಕೆರಳಿತು. ತನಿಖೆಗಳು ನಡೆದವು; ತುರ್ತು ಸಂದರ್ಭದಲ್ಲಿ ಮುಂಗಡ ಕೇಳಬಾರದು ಎಂದು ಮಹಾನಗರಪಾಲಿಕೆ ಆಸ್ಪತ್ರೆಗಳಿಗೆ ಮತ್ತೆ ನೆನಪಿಸಬೇಕಾಯಿತು. ನಿಯಮ ಬರೆಸುವುದು ಒಂದು ಹೋರಾಟವಾದರೆ ಪಾಲನೆ ಮಾಡಿಸುವುದು ಮತ್ತೊಂದು.

ಮಹಾರಾಷ್ಟ್ರದಲ್ಲಿ ಇನ್ನೊಂದು ಸೌಲಭ್ಯ ಹಲವರಿಗೆ ಗೊತ್ತಿಲ್ಲ. ಧರ್ಮಾರ್ಥ ಟ್ರಸ್ಟ್ ನಡೆಸುವ ದೊಡ್ಡ ಆಸ್ಪತ್ರೆಗಳು ಶೇ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಮತ್ತೆ ಶೇ 10 ಹಾಸಿಗೆಗಳನ್ನು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. 2006ರ ಬಾಂಬೆ ಹೈಕೋರ್ಟ್ ಯೋಜನೆ ಇದು. ದಾಖಲಾದ ದಿನವೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು, ಯಾವ ಆದಾಯ ದಾಖಲೆ ಬೇಕು, ಹೊರ ರಾಜ್ಯದವರಿಗೆ ಅನ್ವಯಿಸುತ್ತದೆಯೇ ಎಂದು ಕೇಳಿ. ಬಿಲ್ ಕಟ್ಟುವ ದಿನ ಕೇಳಿದರೆ ತಡವಾಗುತ್ತದೆ.

ವೈದ್ಯರೇ ವಿರೋಧಿಸಿದ ಸುಧಾರಣೆಗಳು

ಇಲ್ಲಿಯವರೆಗೆ ಓದಿ ವೈದ್ಯರ ಸಂಘಟನೆ ಎಂದರೆ ರೋಗಿಯ ಪರ ಎಂದುಕೊಂಡರೆ ತಪ್ಪಾದೀತು. ಕರ್ನಾಟಕದ 2017ರ ನವೆಂಬರ್ ನೆನಪಿಸಿಕೊಳ್ಳಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಸರ್ಕಾರ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ವೈದ್ಯರು ದಿನಗಟ್ಟಲೆ ಆಸ್ಪತ್ರೆ ಮುಚ್ಚಿದರು. ಅದೇ ಹೊತ್ತಿನಲ್ಲಿ ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಮಸೂದೆಯ ಪರ ನಿಂತವು. ಕೊನೆಗೆ ಹಲವು ಅಂಶ ಸಡಿಲವಾಗಿ ಕಾಯ್ದೆ ಅಂಗೀಕಾರವಾಯಿತು. 2023ರಲ್ಲಿ ರಾಜಸ್ಥಾನ ಆರೋಗ್ಯ ಹಕ್ಕಿನ ಕಾಯ್ದೆ ತಂದಾಗಲೂ ಖಾಸಗಿ ವೈದ್ಯರ ಮುಷ್ಕರ ಏಪ್ರಿಲ್ ಮೊದಲ ವಾರದವರೆಗೆ ನಡೆಯಿತು.

ವಿರೋಧಿಸಿದವರೆಲ್ಲ ದುರಾಸೆಯವರು ಎನ್ನುವುದು ಸುಲಭ, ನ್ಯಾಯವಲ್ಲ. ತುರ್ತು ಚಿಕಿತ್ಸೆಯ ಹಣವನ್ನು ಸರ್ಕಾರ ಯಾವಾಗ ಕೊಡುತ್ತದೆ, ಹತ್ತು ಹಾಸಿಗೆಯ ಸಣ್ಣ ನರ್ಸಿಂಗ್ ಹೋಂಗೂ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಮಾನದಂಡ ಏಕೆ ಎಂಬ ಅವರ ಪ್ರಶ್ನೆಗಳಿಗೆ ಉತ್ತರ ಬೇಕು. ಸಣ್ಣ ಆಸ್ಪತ್ರೆಗಳು ಮುಚ್ಚಿದರೆ ತಾಲ್ಲೂಕಿನ ರೋಗಿಗೇ ನಷ್ಟ. ಆದರೆ ದರ ಪಟ್ಟಿ ಹಾಕುವುದು, ದೂರಿಗೆ ಒಂದು ಪ್ರಾಧಿಕಾರ ಇರುವುದು ಇವೂ ಬೇಡ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ಆಶಾ ಕಾರ್ಯಕರ್ತೆಯ ಸಂಬಳ ನಿಮಗೇಕೆ ಮುಖ್ಯ?

ಮಹಾರಾಷ್ಟ್ರದ ಆಶಾ ಕಾರ್ಯಕರ್ತೆಯರು 2023ರ ಅಕ್ಟೋಬರಿನಲ್ಲಿ, ಮತ್ತೆ 2024ರ ಆರಂಭದಲ್ಲಿ ದೀರ್ಘ ಮುಷ್ಕರ ಮಾಡಿದರು. ಮಾರ್ಚ್‌ನಲ್ಲಿ ತಿಂಗಳಿಗೆ 5,000 ರೂಪಾಯಿ ಹೆಚ್ಚಳದ ಆದೇಶ ಬಂತು. ಕರ್ನಾಟಕದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. ಇದು ಅವರ ಹೊಟ್ಟೆಪಾಡಿನ ವಿಷಯ ಅನ್ನಿಸಬಹುದು. ಆದರೆ ಅವರು ಮಾಡಿದ ಕೆಲಸ ಪೋರ್ಟಲ್‌ನಲ್ಲಿ ದಾಖಲಾಗದೆ ಹಣ ಕಡಿತವಾಗುತ್ತದೆ, ಆರೋಗ್ಯಕ್ಕೆ ಸಂಬಂಧವಿಲ್ಲದ ಕೆಲಸ ಹೇರುತ್ತಾರೆ ಎಂಬ ದೂರುಗಳು ನೇರವಾಗಿ ನಿಮ್ಮ ಮನೆ ಬಾಗಿಲಿನ ಸೇವೆಗೆ ಸಂಬಂಧಿಸಿದವು. ಬೇರೆ ಸಮೀಕ್ಷೆಗೆ ಹೋದ ದಿನ ಆಕೆ ಬಾಣಂತಿಯನ್ನು ನೋಡಲು ಬರುವುದಿಲ್ಲ. ಕೆಲಸ ಬಿಟ್ಟುಹೋದರೆ ಕ್ಷಯದ ಮಾತ್ರೆ ತಪ್ಪದಂತೆ ನೋಡುವವರೂ ಇಲ್ಲ.

ಮುಷ್ಕರದ ಸುದ್ದಿ ಬಂದಾಗ ಬೇಡಿಕೆ ಪಟ್ಟಿ ಓದಿ. ಹುದ್ದೆ ತುಂಬಿ, ಔಷಧಿ ಕೊಡಿ, ಪಾಳಿಯ ಹೊತ್ತು ಇಳಿಸಿ ಎಂದಿದ್ದರೆ ಅದರಲ್ಲಿ ನಿಮ್ಮ ಪಾಲೂ ಇದೆ. ಆದರೂ ಆ ದಿನದ ತೊಂದರೆ ನಿಜವೇ. ಸಾಮಾನ್ಯವಾಗಿ ಮೊದಲು ನಿಲ್ಲುವುದು ಒಪಿಡಿ ಮತ್ತು ಮೊದಲೇ ದಿನ ಗೊತ್ತಾದ ಶಸ್ತ್ರಚಿಕಿತ್ಸೆಗಳು. ತುರ್ತು ವಿಭಾಗ ನಡೆಯುತ್ತಿರುತ್ತದೆ. ಎದೆನೋವು, ಉಸಿರಾಟದ ತೊಂದರೆ, ಲಕ್ವದ ಲಕ್ಷಣ, ಹೆರಿಗೆ ನೋವು, ರಕ್ತಸ್ರಾವ ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಡಯಾಲಿಸಿಸ್ ಅಥವಾ ಕಿಮೋಥೆರಪಿ ಇರುವವರು ಹಿಂದಿನ ದಿನವೇ ಘಟಕಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಬಿಪಿ, ಸಕ್ಕರೆ, ಫಿಟ್ಸ್, ಕ್ಷಯ, ಎಚ್‌ಐವಿ ಔಷಧಿಗಳು ಒಂದೆರಡು ವಾರಕ್ಕೆ ಆಗುವಷ್ಟು ಮನೆಯಲ್ಲಿ ಇರಲಿ. ಕರ್ತವ್ಯದಲ್ಲಿರುವ ಸಿಬ್ಬಂದಿಯ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ. ಅಂದು ಅಲ್ಲಿ ಉಳಿದವರು ಇಬ್ಬರು ಮೂವರ ಕೆಲಸ ಮಾಡುತ್ತಿರುತ್ತಾರೆ.

ದೂರು ಕೊಡುವುದಾದರೆ

ಮೊದಲು ಆಸ್ಪತ್ರೆಯ ಒಳಗಿನ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ. ಪರಿಹಾರ ಸಿಗದಿದ್ದರೆ ಪುಣೆ ನಗರದಲ್ಲಿ ಮಹಾನಗರಪಾಲಿಕೆಯ ಆರೋಗ್ಯ ಇಲಾಖೆಗೆ ಹೋಗಿ; ಆಸ್ಪತ್ರೆಗಳನ್ನು ನೋಂದಾಯಿಸುವುದು ಅದೇ. ಪಿಂಪ್ರಿ-ಚಿಂಚವಾಡದ್ದು ಪ್ರತ್ಯೇಕ ಪಾಲಿಕೆ. ಗ್ರಾಮಾಂತರದಲ್ಲಿ ಜಿಲ್ಲಾ ಸಿವಿಲ್ ಸರ್ಜನ್ ಕಚೇರಿ. ಕರ್ನಾಟಕದಲ್ಲಾದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಅರ್ಜಿಯನ್ನು ಜಿಲ್ಲಾ ಆರೋಗ್ಯ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ ಕೊಡಬಹುದು. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದೆ ಎಂಬ ದೂರು ಬೇರೆ; ಅದು ರಾಜ್ಯ ವೈದ್ಯಕೀಯ ಪರಿಷತ್ತಿಗೆ ಅಥವಾ ಗ್ರಾಹಕ ಆಯೋಗಕ್ಕೆ ಹೋಗಬೇಕು.

ಮರಾಠಿ ಬಾರದಿದ್ದರೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ, ಚಿಕ್ಕದಾಗಿ ಬರೆಯಿರಿ: ದಿನಾಂಕ, ಹೊತ್ತು, ಯಾರು ಏನು ಹೇಳಿದರು, ಎಷ್ಟು ಹಣ ಕಟ್ಟಿದಿರಿ. ಡಿಸ್ಚಾರ್ಜ್ ಸಾರಾಂಶ, ಬಿಲ್, ರಸೀದಿಗಳ ನಕಲು ಲಗತ್ತಿಸಿ. ಮೂಲ ಪ್ರತಿ ಕೊಡಬೇಡಿ. ಜನ ಆರೋಗ್ಯ ಅಭಿಯಾನ, ಕರ್ನಾಟಕದಲ್ಲಿ ಜನಾರೋಗ್ಯ ಚಳವಳಿ ಅಥವಾ ಸಾರ್ವತ್ರಿಕ ಆರೋಗ್ಯ ಆಂದೋಲನದಂಥ ಸಂಘಟನೆಗಳ ಕಾರ್ಯಕರ್ತರು ಇಂಥ ದೂರುಗಳ ಅನುಭವ ಉಳ್ಳವರು. ಅವರ ಸಲಹೆ ಕೇಳಬಹುದು. ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಂಡೇ ಅಲ್ಲಿಂದ ಹೊರಡಿ.